ಬಾಗಿಲವಾಡದ ಎರಡು ಗುಲಾಬಿ

ಶೆಲ್ಬರ್ನ್, ನೋವಾ ಸ್ಕೋಷಿಯಾ
9 ಅಕ್ಟೋಬರ್ 1784

ಅಕ್ಕ ಜೆರೂಷಾಗೆ,

ನಿನ್ನ ಪತ್ರವೂ ಅದರೊಳಗೆ ಮಡಚಿಟ್ಟಿದ್ದ ಲೂಥರನ ಚೀಟಿಯೂ ನಿನ್ನೆ ಬಂದವು. ಹುಡುಗನ ಅಕ್ಷರ ಚೆನ್ನಾಗಿದೆ. ನನ್ನ ಮಗಳು ತಿರ್ಜಾಳನ್ನು ಮದುವೆಯಾಗಲು ಒಪ್ಪಿಗೆ ಕೇಳಿದ್ದಾನೆ. ಗುಡ್ಡದ ಮೇಲೆ ಜಮೀನು ಬಿಡಿಸಿಕೊಂಡಿದ್ದಾನಂತೆ, ಮನೆಗೆ ಚೌಕಟ್ಟು ಎತ್ತಿದ್ದಾನಂತೆ. ಎಲ್ಲ ಸರಿ.

ಅವನು ಯಾರ ಮಗ ಎಂಬುದನ್ನು ನೀನು ಮರೆತಿರಬಹುದು. ನಾನು ಮರೆತಿಲ್ಲ. ಅವನಪ್ಪ, ಪ್ರಾರ್ಥನಾಮಂದಿರದ ಡೀಕನ್ ಎಲಿಯಾಕಿಮ್, ಏಳು ವರ್ಷದ ಹಿಂದೆ ರಾಜನ ವಿರುದ್ಧ ಎದ್ದ ಊರ ಸಮಿತಿಯವರನ್ನು ಕಟ್ಟಿಕೊಂಡು ಗರಗಸ ಹಿಡಿದು ನಮ್ಮ ಮುಂಬಾಗಿಲಿಗೆ ಬಂದ. ಬಾಗಿಲವಾಡದ ನೆತ್ತಿಯ ಮೇಲೆ ಎರಡು ಸುರುಳಿ, ಸುರುಳಿಯ ತುದಿಗೆ ಒಂದೊಂದು ಗುಲಾಬಿ. ಅದು ಇಂಗ್ಲೆಂಡಿನ ರಾಜನ ಗುಲಾಬಿ ಎಂದ. ನನ್ನ ಲೋಯಿಸ್ ಬೇಲಿಗೆ ಹಬ್ಬಿಸಿದ್ದ ಕಾಡುಗುಲಾಬಿಯನ್ನು ನೋಡಿಕೊಂಡು ನಾನು ಕೆತ್ತಿದ ಹೂವು ಅದು. ಬೇರೆ ಕೆತ್ತಿ ಮೊಳೆ ಹೊಡೆದದ್ದಲ್ಲ, ಸುರುಳಿಯ ಹಲಗೆಯಲ್ಲೇ ಎಬ್ಬಿಸಿದ್ದು. ಆದ್ದರಿಂದ ಹೂವಿನ ಜೊತೆ ಸುರುಳಿಯ ಮೂಗನ್ನೂ ಕೊಯ್ದುಕೊಂಡು ಹೋದ.

ಎಲಿಯಾಕಿಮ್ ಮನೆಯ ನಡುಕೋಣೆಯ ನೆಲಕ್ಕೆ ಹಾಸಿರುವ ಅಗಲದ ಹಲಗೆಗಳು ಎಲ್ಲಿಯವು ಎಂದು ಊರಿಗೆಲ್ಲ ಗೊತ್ತು. ಹಡಗಿನ ಕಂಬಕ್ಕೆಂದು ರಾಜನ ಆಳುಗಳು ಬಾಣದ ಗುರುತು ಕೊಚ್ಚಿ ಬಿಟ್ಟಿದ್ದ ಪೈನ್ ಮರವನ್ನು ಅವನು ಕದ್ದು ಕಡಿದ. ರಾಜನ ಮರದ ಮೇಲೆ ಕಾಲಿಟ್ಟು ಓಡಾಡುವವನಿಗೆ ನನ್ನ ಬೇಲಿಯ ಹೂವು ರಾಜನದಾಗಿ ಕಂಡಿತು. ನನಗೆ ರಾಜನ ಮೇಲೆ ಯಾವ ಪ್ರೀತಿಯೂ ಇರಲಿಲ್ಲ. ರಾಜನಿಗೆ ನಿಷ್ಠೆಯ ಒಂದು ಪ್ರಮಾಣ ಮಾಡಿದ್ದವನು ಅದರ ಮೇಲೆ ಹೊಸ ಸರ್ಕಾರಕ್ಕೆ ಇನ್ನೊಂದನ್ನು ಮಾಡಲಾರೆ ಎಂದೆ, ಅಷ್ಟೇ. ಅಷ್ಟಕ್ಕೇ ಈಗ ಈ ಮಂಜಿನ ಊರಿನಲ್ಲಿ ಕುಳಿತಿದ್ದೇನೆ.

ನಾನು ಕಟ್ಟಿದ ಆ ಜೋಡಿ ಕದ ಪೂರಾ ತೆರೆದದ್ದು ಎರಡೇ ಸಲ. ಲೋಯಿಸ್ ಮದುವಣಗಿತ್ತಿಯಾಗಿ ಒಳಗೆ ಬಂದ ದಿನ, ಲೋಯಿಸ್‌ಳನ್ನು ಹೊತ್ತು ಹೊರಗೆ ನಡೆದ ದಿನ. ಮಿಕ್ಕ ದಿನ ನಾವೆಲ್ಲ ಅಡುಗೆಮನೆಯ ಬಾಗಿಲಿನವರು. ಆ ಬಾಗಿಲನ್ನು ಮೂರನೆಯ ಸಲ ಎಲಿಯಾಕಿಮನ ಮಗನಿಗಾಗಿ ತೆರೆಯುವುದು ನನಗೆ ಬೇಕಿಲ್ಲ.

ಒಪ್ಪಿಗೆ ಇಲ್ಲ. ವಸಂತದಲ್ಲಿ ಹಡಗು ಹೊರಟರೆ ತಿರ್ಜಾಳನ್ನು ಇಲ್ಲಿಗೆ ಕಳುಹಿಸು.

ಮೆಡಾಡ್

*

ವೆಲ್ಸ್ ಮೆಡೋ, ಮ್ಯಾಸಚೂಸೆಟ್ಸ್
2 ಡಿಸೆಂಬರ್ 1784

ತಮ್ಮ ಮೆಡಾಡ್‌ಗೆ,

ನಿನ್ನ ಪತ್ರವನ್ನು ಓದಿ ಮಡಚಿ ನನ್ನ ಜೇಬಿನಲ್ಲಿಟ್ಟುಕೊಂಡಿದ್ದೇನೆ. ತಿರ್ಜಾಗೆ ಹೇಳಿಲ್ಲ. ನೀನು ಇನ್ನೊಮ್ಮೆ ಯೋಚಿಸಿ ಬರೆಯಲಿ ಎಂದು ಕಾಯುತ್ತೇನೆ.

ನಾನು ಮರೆತಿಲ್ಲ. ಆ ದಿನ ಏಣಿಯ ಕೆಳಗೆ ನಿಂತಿದ್ದವಳು ನಾನು, ನೀನು ಹಿತ್ತಿಲಲ್ಲಿದ್ದೆ. ಎಲಿಯಾಕಿಮ್ ಮೇಲಿನಿಂದ ಹೇಳಿದ, "ಐದೆಸಳು ಐತೆ ನೋಡಮ್ಮ, ಐದೆಸಳು ಅಂದ್ರೆ ರಾಜಂದೇಯ." ನಾನು, "ನಿನ್ನ ಕೈಗೂ ಐದೇ ಬೆರಳು ಕಣಯ್ಯ, ಹೆಂಗೂ ಗರಗಸ ತಂದಿದ್ದೀಯ, ಅದನ್ನೂ ಕೊಯ್ಕೊಂಡು ಹೋಗು" ಎಂದೆ. ಸಮಿತಿಯವರಲ್ಲೇ ಇಬ್ಬರು ನಕ್ಕರು. ಅವನಿಗೆ ಇವತ್ತಿಗೂ ಅದು ಹೋಗಿಲ್ಲ. ಭಾನುವಾರ ಪ್ರಾರ್ಥನಾಮಂದಿರದಲ್ಲಿ ನನ್ನನ್ನು ಕಂಡರೆ ಕೈಯನ್ನು ಕೋಟಿನೊಳಗೆ ಇಟ್ಟುಕೊಳ್ಳುತ್ತಾನೆ.

ಅಪ್ಪ ಮನೆಯನ್ನು ನನ್ನ ಹೆಸರಿಗೆ ಬರೆದಿರದಿದ್ದರೆ ಬಾಗಿಲಿನ ಹಿಂದೆ ಮನೆಯೂ ಸಮಿತಿಯ ಕೈಗೆ ಹೋಗುತ್ತಿತ್ತು. ಸ್ವಾತಂತ್ರ್ಯದ ಮಾತನ್ನು ನಾನೂ ಓದಿದವಳು, ಪತ್ರಿಕೆಗಳನ್ನು ಜೋರಾಗಿ ಓದಿ ಪಕ್ಕದ ಮನೆಯವರಿಗೂ ಹೇಳಿದವಳು. ಅದರಲ್ಲಿ ಎಲ್ಲಿಯೂ ಬಡಗಿಯ ಹೂವು ಕೊಯ್ಯಿರಿ ಎಂದು ಇರಲಿಲ್ಲ.

ಆದರೆ ಲೂಥರ್ ಬೇರೆ. ಆಗ ಅವನಿನ್ನೂ ದೊಡ್ಡವನಾಗಿರಲಿಲ್ಲ. ಈಗ ವಾರಕ್ಕೊಮ್ಮೆ ಬರುತ್ತಾನೆ. ಅಡುಗೆಮನೆಯಲ್ಲಿ ಕುಳಿತು ಸೇಬಿನ ಸೈಡರ್ ಕುಡಿಯುತ್ತಾನೆ, ತಿರ್ಜಾ ಒಣಸೇಬು ಪೋಣಿಸುತ್ತಿದ್ದರೆ ದಾರದ ಇನ್ನೊಂದು ತುದಿ ಹಿಡಿದು ಸುಮ್ಮನೆ ಕೂರುತ್ತಾನೆ. ಮೊನ್ನೆ ಅವಳು, "ಏನಾದ್ರೂ ಮಾತಾಡು ಮಾರಾಯ, ನಮ್ಮತ್ತೆ ನಿನ್ನನ್ನ ಮೂಗ ಅನ್ಕೊಂಡಿದ್ದಾರೆ" ಎಂದಳು. ಅವನು ಬಹಳ ಯೋಚಿಸಿ, "ಸೇಬು ಚೆನ್ನಾಗಿ ಒಣಗಿದೆ" ಎಂದ. ಅವಳು ನಕ್ಕು ನಕ್ಕು ಸೂಜಿ ಬೀಳಿಸಿದಳು. ಅಂಥವನನ್ನು ಬೇಡ ಎನ್ನುತ್ತಿದ್ದೀಯ. ಅಪ್ಪನ ಗರಗಸವನ್ನು ಮಗನ ಕೈಗೆ ಕೊಡಬೇಡ.

ಊರಿನಲ್ಲಿ ಗಂಟಲು ಬೇನೆ ಬಂದಿದೆ. ಮಿಲ್ಲಿನ ಹತ್ತಿರದ ಮನೆಯಲ್ಲಿ ಮಕ್ಕಳು ಮಲಗಿದ್ದಾರೆ, ಅವರ ತಾಯಿಯೂ ಎದ್ದಿಲ್ಲ. ತಿರ್ಜಾ ಹೋಗಿ ನೋಡಿಕೊಂಡು ಬರುತ್ತಾಳೆ. ಬೇಡ ಎಂದರೆ, "ನಂಗೆ ಬರಲ್ಲ ಬಿಡಿ ಅತ್ತೆ, ನಂಗೆ ಮಾತು ಜಾಸ್ತಿ, ಗಂಟಲು ಗಟ್ಟಿ ಇದೆ" ಎನ್ನುತ್ತಾಳೆ.

ಒಪ್ಪಿಗೆಯ ನಾಲ್ಕು ಸಾಲು ಬರೆದು ಕಳುಹಿಸು. ಅವಳು ನಿನ್ನ ಮಾತಿಲ್ಲದೆ ಮದುವೆಯಾಗುವುದಿಲ್ಲ. ಪತ್ರದ ಗಾಡಿ ಬಂದ ದಿನ ತಾನೇ ಹೋಗಿ ಕೇಳಿಕೊಂಡು ಬರುತ್ತಾಳೆ.

ಜೆರೂಷಾ

*

ವೆಲ್ಸ್ ಮೆಡೋ
21 ಮಾರ್ಚ್ 1785

ತಮ್ಮ ಮೆಡಾಡ್‌ಗೆ,

ಪಾದ್ರಿಗಳು ನಿನಗೆ ಬರೆದಿದ್ದಾರೆ. ಮರುದಿನವೇ ಬರೆದು ಬಾಸ್ಟನ್ನಿಗೆ ಹೋಗುವವರ ಕೈಯಲ್ಲಿ ಕೊಟ್ಟೆ ಎಂದರು. ಇದು ತಲುಪುವ ಮೊದಲೇ ಅದು ನಿನಗೆ ತಲುಪಿರುತ್ತದೆ. ಆದದ್ದನ್ನು ನಾನು ಮತ್ತೆ ಬರೆಯುವುದಿಲ್ಲ. ಉಳಿದದ್ದನ್ನಷ್ಟೇ ಬರೆಯುತ್ತೇನೆ.

ಮುಂಬಾಗಿಲು ತೆರೆದೆವು. ಲೋಯಿಸ್ ಹೋದ ಮೇಲೆ ತೆರೆದಿರಲಿಲ್ಲವಾದ್ದರಿಂದ ಕೆಳಗಿನ ತಿರುಗಣಿಗೆ ಹಿಮ ಕಟ್ಟಿತ್ತು. ಲೂಥರ್ ಕೆಟಲಿನಲ್ಲಿ ಬಿಸಿನೀರು ತಂದು ಹೊಯ್ದ. ಬೇರೆಯವರು ಬಂದರೆ ಬಿಡಲಿಲ್ಲ. ಒಂದು ಕದ ಸಾಲದು, ಎರಡೂ ತೆರೆಯಬೇಕಾಯಿತು.

ಲೋಯಿಸ್‌ಳ ನೀಲಿ ಉಣ್ಣೆಯ ಉಡುಪನ್ನು ಹಾಕಿದೆವು. ಸೊಂಟದ ಹತ್ತಿರ ಸ್ವಲ್ಪ ಸಡಿಲವಾಗಿತ್ತು, ಹಿಂದಿನಿಂದ ಹೊಲಿಗೆ ಹಾಕಿದೆ. ತಲೆಯನ್ನು ನಾನೇ ಬಾಚಿದೆ. ಬಂದವರಿಗೆಲ್ಲ ಪದ್ಧತಿಯಂತೆ ಕೈಗವುಸು ಕೊಟ್ಟೆ. ಎಲಿಯಾಕಿಮ್ ಕೂಡ ಬಂದ. ನಮ್ಮ ಮುಂಗೋಣೆಯಲ್ಲಿ ನಿಂತ, ಕೈ ಚಾಚಿ ಕೈಗವುಸು ತೆಗೆದುಕೊಂಡ. ಪಾದ್ರಿಗಳು ಚಿಕ್ಕದಾಗಿ ಪ್ರಾರ್ಥನೆ ಮಾಡಿದರು. ಲೂಥರ್ ಅಷ್ಟು ಹೊತ್ತೂ ಅವಳ ಪಕ್ಕದಲ್ಲೇ ನಿಂತಿದ್ದ. ಕುರ್ಚಿ ಕೊಟ್ಟರೆ ಕೂರಲಿಲ್ಲ.

ಆಮೇಲೆ ಜಾರುಬಂಡಿಯಲ್ಲಿ ಗುಡ್ಡದ ದಾರಿ ಹಿಡಿದರು. ಹಿಮ ಗಟ್ಟಿಯಾಗಿತ್ತು. ಬಂಡಿ ಸಲೀಸಾಗಿ ಹೋಯಿತು. ನಾನು ಕದ ಮುಚ್ಚಿ ಅಗಳಿ ಹಾಕಿದೆ.

ನಿನ್ನ ಅಕ್ಟೋಬರ್ ತಿಂಗಳ ಪತ್ರವನ್ನು ಅವಳಿಗೆ ಕೊನೆಗೂ ಹೇಳಲಿಲ್ಲ. ಇನ್ನು ಅದರ ಮಾತು ಬೇಡ.

ಮನೆಯಲ್ಲಿ ಸದ್ದಿಲ್ಲ. ಜೋಳದ ಗಂಜಿ ಕಾಯಿಸಿ ಎರಡು ಬಟ್ಟಲು ಇಡುತ್ತೇನೆ, ಆಮೇಲೆ ಒಂದನ್ನು ಎತ್ತಿಡುತ್ತೇನೆ. ಬೇರೆ ಬರೆಯುವುದು ಏನೂ ಇಲ್ಲ.

ಜೆರೂಷಾ

*

ಶೆಲ್ಬರ್ನ್
14 ಮೇ 1785

ಅಕ್ಕ ಜೆರೂಷಾಗೆ,

ಪಾದ್ರಿಗಳ ಪತ್ರ ಬಂದಿಲ್ಲ. ಚಳಿಗಾಲದಲ್ಲಿ ಹೊರಟ ಎಷ್ಟೋ ಹಡಗುಗಳು ಬೇರೆ ಬೇರೆ ಬಂದರು ಸುತ್ತಿಕೊಂಡು ಬರುತ್ತಿವೆ. ಬರದಿದ್ದರೂ ಚಿಂತೆಯಿಲ್ಲ, ನಿನ್ನ ಪತ್ರದಲ್ಲೇ ಎಲ್ಲವೂ ಇದೆ. ಪಾದ್ರಿ ಬರೆದಿದ್ದರೆ ಉಪದೇಶ ಜಾಸ್ತಿ ಇರುತ್ತಿತ್ತು.

ಮುಂಬಾಗಿಲು ತೆರೆದೆವು ಎಂಬ ಸಾಲು ಓದಿದ ಕೂಡಲೇ ಕಾಗದ ಮಡಚಿಟ್ಟು ಹೊರಗೆ ಹೋದೆ. ಬಂದರಿನ ತನಕ ನಡೆದೆ. ನನ್ನ ಮಾತು ಕೇಳದೆ ಮಾಡಿದಿರಿ. ನನ್ನ ಪತ್ರವನ್ನು ಮುಚ್ಚಿಟ್ಟು ಹುಡುಗಿಯನ್ನು ಎಲಿಯಾಕಿಮನ ಮನೆಗೆ ಕೊಟ್ಟೆ. ಅವನಿಗೆ ನಮ್ಮ ಮುಂಗೋಣೆಯಲ್ಲಿ ಕೈಗವುಸು ಬೇರೆ ಕೊಟ್ಟೆ. ಇದನ್ನೆಲ್ಲ ಬರೆಯಬೇಕೆಂದು ಮನಸ್ಸಿನಲ್ಲೇ ಸಾಲು ಜೋಡಿಸಿಕೊಂಡು ಹಿಂದಿರುಗಿದೆ.

ಪಕ್ಕದ ಗುಡಿಸಲಿನಲ್ಲಿ ರೋಡ್ ಐಲೆಂಡಿನ ಮುದುಕನೊಬ್ಬನಿದ್ದಾನೆ, ಬಾರ್ನಬಿ ಎಂದು. ಹಾಯಿ ಹೊಲಿಯುತ್ತಾನೆ. ಅವನ ಮುಂದೆ ಕೂಗಾಡಿದೆ. ಅವನು ಸೂಜಿಯಿಂದ ಕಣ್ಣು ಎತ್ತದೆ ಹೇಳಿದ, "ಮಗಳು ಕೇಳ್ದೆ ಮದುವೆ ಆದ್ಲು ಅಂತ ಅಳ್ತಾ ಇದ್ದೀಯ. ನನ್ನ ಮಗಳು ಕೇಳೇ ಆದ್ಲು. ನಂಗೇನು ಸಿಕ್ತು? ಹೋಗು, ಹೋಗಿ ಹರಸಿ ಒಂದು ಕಾಗ್ದ ಬರಿ. ನಾಲ್ಕು ಸಾಲಿಗೆ ನಿನ್ನಪ್ಪನ ಗಂಟೇನು ಹೋಗುತ್ತೆ?"

ಆಮೇಲೆ ನಿನ್ನ ಪತ್ರವನ್ನು ಪೂರಾ ಓದಿದೆ. ತಿರುಗಣಿಗೆ ಬಿಸಿನೀರು ಹೊಯ್ದದ್ದು, ಬೇರೆಯವರನ್ನು ಬಿಡದೆ ತಾನೇ ತೆರೆದದ್ದು, ಅವಳ ಪಕ್ಕದಲ್ಲಿ ಕೂರದೆ ನಿಂತದ್ದು. ಹುಡುಗ ಒಳ್ಳೆಯವನೇ ಇರಬೇಕು. ಲೋಯಿಸ್‌ಳ ಉಡುಪು ಅವಳಿಗೆ ಸಡಿಲವಾಯಿತು ಎಂದು ಬರೆದಿದ್ದೀಯ. ನಾನು ಬಿಟ್ಟುಬಂದಾಗ ಅವಳು ಆ ಉಡುಪಿನ ತೋಳಿನೊಳಗೆ ಕೈ ಹಾಕಿದರೆ ಬೆರಳ ತುದಿಯೂ ಕಾಣುತ್ತಿರಲಿಲ್ಲ. ಊರಿಗೆ ಬೇನೆ ಬಂದಿದೆ ಎಂದಿದ್ದೆ, ಅದು ಅವಳನ್ನು ಮುಟ್ಟಲಿಲ್ಲವಲ್ಲ, ಅಷ್ಟು ಸಾಕು.

ಅಕ್ಕ, ನಿನ್ನ ಪತ್ರ ಮದುವೆಯ ಮನೆಯಿಂದ ಬಂದ ಹಾಗಿಲ್ಲ. ಅವಳು ಹೋದ ಮೇಲೆ ನೀನು ಒಂಟಿಯಾದೆ. ಗುಡ್ಡ ಎಷ್ಟು ದೂರ ಹೇಳು, ವಾರಕ್ಕೊಮ್ಮೆ ಹೋಗಿ ಬಾ. ಅಥವಾ ಅವಳನ್ನೇ ಬರಹೇಳು.

ಇದರ ಜೊತೆ ಲೂಥರ್‌ಗೆ ಒಂದು ಕಾಗದ ಇಟ್ಟಿದ್ದೇನೆ. ಅವನಿಗೂ ಅವಳಿಗೂ ಒಟ್ಟಿಗೆ ಓದಿ ಹೇಳು. ಅದರಲ್ಲಿ ಇಷ್ಟೇ ಇದೆ: "ನನ್ನ ಮಗಳು ತಿರ್ಜಾಳನ್ನು ನೀನು ಹೆಂಡತಿಯಾಗಿ ತೆಗೆದುಕೊಳ್ಳುವುದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ನೀನು ನನ್ನ ಮಗ. ನಿನ್ನ ತಂದೆಯ ಮೇಲಿನ ನನ್ನ ಸಿಟ್ಟು ನಿಮ್ಮಿಬ್ಬರ ಮನೆಯೊಳಗೆ ಬರುವುದಿಲ್ಲ."

ಇಲ್ಲಿಯ ಪೈನ್ ಮರದಲ್ಲಿ ಗಂಟು ಜಾಸ್ತಿ. ಆದರೂ ಒಂದು ಹಲಗೆ ಚೆನ್ನಾಗಿರುವುದು ಸಿಕ್ಕಿದೆ. ಎರಡು ಗುಲಾಬಿ ಕೆತ್ತುತ್ತಿದ್ದೇನೆ. ಮುಂದಿನ ಹಡಗಿಗೆ ಕಳುಹಿಸುತ್ತೇನೆ. ಲೂಥರ್ ಏಣಿ ಹತ್ತಿ ಸುರುಳಿಯ ತುದಿಗೆ ಕೂರಿಸಲಿ. ಅವನಪ್ಪ ಕೆಳಗೆ ನಿಂತು ಏಣಿ ಹಿಡಿದುಕೊಳ್ಳಲಿ.

ಮೆಡಾಡ್

*

ವೆಲ್ಸ್ ಮೆಡೋ
27 ಜೂನ್ 1785

ತಮ್ಮ ಮೆಡಾಡ್‌ಗೆ,

ಬಾಗಿಲು ತೆರೆದದ್ದು ಮದುವೆಗೆ ಅಲ್ಲ.

ತಿರ್ಜಾ ಮಾರ್ಚ್ ತಿಂಗಳ ಎಂಟರಂದು ಬೆಳಿಗ್ಗೆ ತೀರಿಕೊಂಡಳು. ಗಂಟಲು ಬೇನೆ. ಮಿಲ್ಲಿನ ಹತ್ತಿರದ ಮಕ್ಕಳು ಬದುಕಿದರು, ಅವರ ತಾಯಿಯೂ ಬದುಕಿದಳು. ಪಾದ್ರಿಗಳು ಬರೆದದ್ದು ಇದನ್ನು. ನಿನಗೆ ತಿಳಿದಿದೆ ಎಂದುಕೊಂಡು ನಾನು ಮಿಕ್ಕದ್ದನ್ನು ಬರೆದೆ. ನನ್ನ ಪತ್ರದ ನಕಲು ನನ್ನಲ್ಲಿಲ್ಲ, ಆದರೆ ಏನು ಬರೆದೆ ಎಂದು ನೆನಪಿದೆ. ನಿನ್ನ ಉತ್ತರವನ್ನು ಹಿಡಿದುಕೊಂಡು ನನ್ನ ಒಂದೊಂದು ಸಾಲನ್ನೂ ನೀನು ಓದಿದ ಹಾಗೆ ಓದಿಕೊಂಡೆ. ನೀನು ಓದಿದ್ದು ತಪ್ಪಲ್ಲ. ಮದುವೆಗೂ ಸಾವಿಗೂ ಅದೇ ಬಾಗಿಲು, ಅದೇ ಕೈಗವುಸು, ಅದೇ ಪ್ರಾರ್ಥನೆ. ಸತ್ತಳು ಎಂಬ ಒಂದು ಮಾತು ನಾನು ಬರೆದಿರಲಿಲ್ಲ.

ಅವಳು ಲೂಥರನ ಮನೆಗೆ ಹೋಗಲಿಲ್ಲ. ಅದೇ ದಾರಿಯಲ್ಲಿ ಅದನ್ನು ದಾಟಿದರೆ ಸಿಗುವ ಜಾಗಕ್ಕೆ ಹೋದಳು, ಲೋಯಿಸ್‌ಳ ಪಕ್ಕಕ್ಕೆ. ಬಂಡಿ ಆ ಮನೆಯ ಮುಂದೆ ಹಾದಾಗ ಲೂಥರ್ ತಲೆ ಎತ್ತಲಿಲ್ಲ.

ನೀನು ಕೇಳಬಹುದು ಎಂದು ಬರೆಯುತ್ತೇನೆ. ಕೊನೆಯ ದಿನಗಳಲ್ಲಿ ಮಾತು ಕಡಿಮೆಯಾಗಿತ್ತು. ಒಮ್ಮೆ, "ಅಪ್ಪನ ಕಾಗದ ಬಂತಾ?" ಎಂದಳು. ಇನ್ನೂ ಇಲ್ಲ ಎಂದೆ. "ಬರೀತಾರೆ ಬಿಡಿ ಅತ್ತೆ. ಅಪ್ಪಂದು ಎಲ್ಲ ನಿಧಾನ. ಒಂದೆಸಳು ಕೆತ್ತೋಕೆ ಒಂದು ಹೊತ್ತು ಬೇಕು ಅವರಿಗೆ" ಎಂದಳು. ಅಷ್ಟು ಹೇಳುವುದಕ್ಕೆ ಬಹಳ ಹೊತ್ತು ಹಿಡಿಯಿತು. ಆಮೇಲೆ ನೀರು ಕುಡಿಸಿದೆ.

ನಿನ್ನ ಒಪ್ಪಿಗೆಯ ಕಾಗದವನ್ನು ಲೂಥರ್‌ಗೆ ಕೊಟ್ಟಿಲ್ಲ. ನನ್ನಲ್ಲೇ ಇದೆ. ಹಿಂದಕ್ಕೆ ಕಳುಹಿಸಲೇ, ಸುಟ್ಟುಬಿಡಲೇ, ನೀನು ಹೇಳಿದ ಹಾಗೆ ಮಾಡುತ್ತೇನೆ. ಗುಲಾಬಿಗಳು ಇನ್ನೂ ಹೊರಟಿಲ್ಲವಾದರೆ ನಿಲ್ಲಿಸು.

ನಾನು ಅತ್ತಿಲ್ಲ. ನೀನು ದೂರದಲ್ಲಿದ್ದೀಯ ಎಂದು ಹೀಗೆ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ, ಇಲ್ಲೂ ಹೀಗೆಯೇ ಇದ್ದೇನೆ. ಬೆಳಿಗ್ಗೆ ಎದ್ದು ಹಸು ಕರೆಯುತ್ತೇನೆ. ಪತ್ರಿಕೆ ಬಂದರೆ ಓದುತ್ತೇನೆ, ಓದಿದ್ದು ಯಾವುದೂ ನಿಲ್ಲುವುದಿಲ್ಲ.

ಜೆರೂಷಾ

*

ಶೆಲ್ಬರ್ನ್
30 ಆಗಸ್ಟ್ 1785

ಅಕ್ಕ,

ನಿನ್ನ ಪತ್ರ ಬಂತು. ಅದರ ಹಿಂದೆಯೇ ಪಾದ್ರಿಗಳದ್ದೂ ಬಂತು, ಹ್ಯಾಲಿಫ್ಯಾಕ್ಸ್ ಸುತ್ತಿಕೊಂಡು. ಒಂದು ಮೂಲೆ ನೀರು ಕುಡಿದಿದೆ. ತಾರೀಖು ಅಳಿಸಿಹೋಗಿದೆ, ಮಿಕ್ಕದ್ದು ಓದಲು ಬರುತ್ತದೆ. ಉಪದೇಶ ಜಾಸ್ತಿ ಏನೂ ಇಲ್ಲ.

ಇಲ್ಲಿ ಮಂಜು ಹತ್ತು ಗಂಟೆಯ ತನಕ ಬಿಡುವುದಿಲ್ಲ. ಮರ ಒಣಗುವುದಿಲ್ಲ. ಕ್ಯಾಪ್ಟನ್ ಒಬ್ಬರ ಮನೆಗೆ ಕಿಟಕಿಗಳನ್ನು ಮಾಡುತ್ತಿದ್ದೇನೆ. ಕೆಲಸ ಮುಗಿದಿಲ್ಲ. ಬೆಳಿಗ್ಗೆ ಕೀಸುಳಿ ಹಿಡಿದು ನಿಂತರೆ ಮಧ್ಯಾಹ್ನ ಬಾರ್ನಬಿ ಬಂದು, "ಅದೇ ಹಲಗೆ ಎಷ್ಟು ಹೊತ್ತು ಕೀಸ್ತೀಯ, ಆ ಕಡೆ ಬೆಳಕು ಕಾಣ್ತಾ ಇದೆ" ಎಂದು ಎಳೆದುಕೊಂಡು ಹೋಗಿ ಉಪ್ಪುಮೀನು, ಆಲೂಗಡ್ಡೆ ತಿನ್ನಿಸುತ್ತಾನೆ. ತಿನ್ನುತ್ತೇನೆ.

ಗುಲಾಬಿಗಳು ಜುಲೈ ತಿಂಗಳಲ್ಲೇ ಹೋದವು. ಹಿಂದಕ್ಕೆ ಕರೆಸುವುದಕ್ಕೆ ಆಗುವುದಿಲ್ಲ. ಬಂದರೆ ನಿನಗೆ ತೋಚಿದ ಹಾಗೆ ಮಾಡು.

ಒಪ್ಪಿಗೆಯ ಕಾಗದ ಅವನಿಗೆ ಕೊಡು. ಬರೆದವನು ನಾನೇ. ಅವಳು ಬದುಕಿದ್ದಾಳೆ ಎಂದುಕೊಂಡು ಬರೆದದ್ದು ನಿಜ, ಆದರೆ ಬರೆದದ್ದರಲ್ಲಿ ಅಳಿಸುವ ಮಾತು ಯಾವುದೂ ಇಲ್ಲ. ಅವನೂ ಅದಕ್ಕೆ ಕಾದಿದ್ದನಲ್ಲ. ಕೊಡು.

ಇನ್ನು ಏನಾದರೂ ಆದರೆ ಆದದ್ದನ್ನು ಮೊದಲ ಸಾಲಿನಲ್ಲಿ ಬರೆ. ಬೇರೆಯವರು ಬರೆದಿದ್ದಾರೆ ಎಂದು ಬಿಡಬೇಡ.

ಮೆಡಾಡ್

*

ವೆಲ್ಸ್ ಮೆಡೋ
3 ನವೆಂಬರ್ 1785

ತಮ್ಮ ಮೆಡಾಡ್‌ಗೆ,

ಮೊದಲ ಸಾಲಿನಲ್ಲಿ ಬರೆಯುತ್ತೇನೆ: ಯಾರಿಗೂ ಏನೂ ಆಗಿಲ್ಲ.

ಗುಲಾಬಿಗಳು ಬಂದವು. ಹಾಯಿಬಟ್ಟೆಯಲ್ಲಿ ಸುತ್ತಿದ್ದೆ, ಎಲ್ಲಿಯೂ ಮುಕ್ಕಾಗಿಲ್ಲ. ಬಿಚ್ಚಿ ಊಟದ ಮೇಜಿನ ಮೇಲೆ ಇಟ್ಟೆ. ಹಳೆಯವುಗಳಿಗಿಂತ ಇವು ಚೆನ್ನಾಗಿವೆ. ಎಸಳು ಹೊರಕ್ಕೆ ಮಡಚಿವೆ, ನಡುವಿನ ಗುಂಡಿಯಲ್ಲಿ ಉಳಿಯ ಗುರುತು ಕಾಣುವುದಿಲ್ಲ. ನೀನು ಸಂತೋಷದಲ್ಲಿ ಕೆತ್ತಿದ್ದೀಯ, ಅದು ಮರದಲ್ಲಿ ತಿಳಿಯುತ್ತದೆ. ಅದನ್ನು ನೋಡಿಕೊಂಡು ಸುಮ್ಮನೆ ಕುಳಿತಿದ್ದೆ. ಹಾಲು ಉಕ್ಕಿದ್ದೂ ತಿಳಿಯಲಿಲ್ಲ.

ಲೂಥರ್‌ಗೆ ನಿನ್ನ ಕಾಗದ ಕೊಟ್ಟೆ. ನಿಂತೇ ಓದಿದ. "ಇದನ್ನ ನಾನು ಇಟ್ಕೋಬಹುದಾ?" ಎಂದು ಕೇಳಿದ. ನಿನಗೇ ಬರೆದದ್ದು ಎಂದೆ. ಅಂಗಿಯೊಳಗೆ ಇಟ್ಟುಕೊಂಡು ಹೋದ. ಶನಿವಾರ ತಾನಾಗಿ ಏಣಿ ಹೊತ್ತುಕೊಂಡು ಬಂದ. ನಾನು ಹೇಳಿರಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಕೊಯ್ದ ಜಾಗವನ್ನು ಉಳಿಯಿಂದ ಸಮ ಮಾಡಿ ಮರದ ಗೂಟ ಹೊಡೆದು ಕೂರಿಸಿದ. ಬಾಗಿಲವಾಡದ ಹಳೆಯ ಕೆಂಪು ಬಣ್ಣಕ್ಕೂ ಹೊಸ ಮರದ ಬಿಳುಪಿಗೂ ಹೊಂದುವುದಿಲ್ಲ. ಬೀದಿಯಿಂದ ನೋಡಿದರೆ ಆ ಎರಡೇ ಕಾಣುತ್ತವೆ.

ಅವನು ಮೇಲಿದ್ದಾಗ ಎಲಿಯಾಕಿಮ್ ಬಂದ. ಬೇಲಿಯ ಆಚೆ ನಿಂತು ಮೇಲೆ ನೋಡಿದ. ನಾನು ಬಾಗಿಲ ಮುಂದೆ ಕೈ ಕಟ್ಟಿಕೊಂಡು ನಿಂತೆ. ಈ ಎಂಟು ವರ್ಷ ಅವನಿಗೆ ಹೇಳಬೇಕೆಂದು ಸಾಲು ಸಾಲು ಕೂಡಿಟ್ಟುಕೊಂಡಿದ್ದೇನೆ, ನಿನಗೆ ಗೊತ್ತು. ಅವನು ಒಂದು ಮಾತಾಡಲಿ ಎಂದು ಕಾದೆ. ಅವನು ಹ್ಯಾಟು ತೆಗೆದ. "ಎಡಗಡೇದು ಒಂಚೂರು ಓರೆ ಆಗೈತೆ ಕಣೋ" ಎಂದ ಮಗನಿಗೆ. ಲೂಥರ್ ಸರಿ ಮಾಡಿದ. ಎಲಿಯಾಕಿಮ್ ಬೇಲಿ ದಾಟಿ ಬಂದು ಏಣಿ ಹಿಡಿದುಕೊಂಡ, ಮಗ ಇಳಿಯುವ ತನಕ. ನನಗೆ ಸಿಟ್ಟು ಬರಲಿಲ್ಲ. ಬರಲಿ ಎಂದು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಆಮೇಲೆ ಚಳಿಯಾಯಿತು, ಸುತ್ತಿಕೊಂಡು ಹಿತ್ತಿಲ ಕಡೆಯಿಂದ ಒಳಗೆ ಹೋದೆ.

ಜೆರೂಷಾ

*

ವೆಲ್ಸ್ ಮೆಡೋ
16 ಏಪ್ರಿಲ್ 1787

ತಮ್ಮ ಮೆಡಾಡ್‌ಗೆ,

ಲೂಥರ್ ಮದುವೆಯಾಗಬೇಕೆಂದಿದ್ದಾನೆ. ಅದಕ್ಕೆ ನಿನ್ನ ಒಪ್ಪಿಗೆ ಕೇಳುತ್ತಿದ್ದಾನೆ.

ಮೊದಲ ಸಾಲಿನಲ್ಲಿ ಬರೆ ಎಂದಿದ್ದೆ, ಬರೆದಿದ್ದೇನೆ. ಒಂದೂವರೆ ವರ್ಷದಿಂದ ನಾವಿಬ್ಬರೂ ಹಿಮ, ಹಸು, ಹಲಗೆ ಇಷ್ಟನ್ನೇ ಬರೆದುಕೊಂಡಿದ್ದೇವೆ. ಈಗ ಬೇರೆ ಮಾತು ಬಂದಿದೆ.

ಹೋದ ವಾರ ಅಡುಗೆಮನೆಗೆ ಬಂದು ಹ್ಯಾಟನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತ. "ಅತ್ತೆ, ಒಂದು ಮಾತು" ಎಂದ. ಯಾವತ್ತಿನಿಂದ ನನ್ನನ್ನು ಅತ್ತೆ ಎನ್ನಲು ಶುರುಮಾಡಿದ ಎಂದು ನೆನಪಿಲ್ಲ, ಬೇಡ ಎಂದು ನಾನೂ ಹೇಳಲಿಲ್ಲ. ಹುಡುಗಿಯ ಮನೆಯವರು ಶರತ್ಕಾಲದಿಂದ ಕಾಯುತ್ತಿದ್ದಾರಂತೆ, ಇವನೇ ದಿನ ಹೇಳುತ್ತಿಲ್ಲ.

"ಯಾಕೋ?" ಎಂದೆ.

"ಅವರ ಕಾಗದ ನನ್ನ ಹತ್ರ ಇದೆ. ನೀನು ನನ್ನ ಮಗ ಅಂತ ಬರ್ದಿದ್ದಾರೆ. ಅವರನ್ನ ಕೇಳ್ದೆ ಹೆಂಗೆ ಆಗ್ಲಿ?"

"ಹುಚ್ಚಪ್ಪ, ಮದುವೆಯೇ ಆಗಲಿಲ್ಲ. ಆ ಕಾಗದ ಯಾವ ಲೆಕ್ಕಕ್ಕೆ?"

"ನನ್ನ ಲೆಕ್ಕಕ್ಕೆ" ಎಂದ.

ಇದು ಎಲಿಯಾಕಿಮ್‌ಗೆ ಗೊತ್ತಾಗಿ ಮನೆಯಲ್ಲಿ ರಂಪವಾಗಿದೆ. "ಹೆತ್ತಪ್ಪ ನಾನಿನ್ನೂ ಕಣ್ಮುಂದೆ ಕೂತಿದ್ದೀನಿ, ಸಮುದ್ರದಾಚೆ ಇರೋ ಆ ರಾಜನ ಕಡೆಯೋನ ಅಪ್ಪಣೆ ಯಾಕಲೇ ನಿಂಗೆ?" ಎಂದನಂತೆ. ಇವನು, "ನಿಮ್ಮನ್ನೂ ಕೇಳಿದ್ದೀನಲ್ಲಪ್ಪ" ಎಂದನಂತೆ. ನನಗೆ ಆ ಕಥೆ ಹೇಳಿದವಳು ಎಲಿಯಾಕಿಮನ ಇನ್ನೊಬ್ಬ ಮಗನ ಹೆಂಡತಿ. ನಾನು ನಗಬೇಕಿತ್ತು, ತಡವಾಗಿ ನಕ್ಕೆ.

ಮೆಡಾಡ್, ನೀನು ಇದನ್ನು ಓದಿ ಎರಡು ದಿನ ಬಂದರಿನ ಕಡೆ ನಡೆಯುತ್ತೀಯ, ನನಗೆ ಗೊತ್ತು. ಅವಳ ಹೆಸರಿನ ಜೊತೆ ಇಟ್ಟ ಒಪ್ಪಿಗೆಯನ್ನು ಇನ್ನೊಬ್ಬಳಿಗೆ ತಿರುಗಿಸು ಎಂದು ಕೇಳುವುದು ಸುಲಭವಲ್ಲ. ನೀನು ಇಲ್ಲ ಎಂದರೆ ಅವನು ಮದುವೆಯಾಗುವುದಿಲ್ಲ, ಆ ಜಾತಿಯ ಹಟ ಅವನದು. ಇಲ್ಲ ಎನ್ನುವ ಹಕ್ಕು ನಿನಗಿಲ್ಲ ಎಂದೂ ನಾನು ಹೇಳುವುದಿಲ್ಲ. ನನ್ನನ್ನು ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೇ ತಿಳಿಯದು. ಅವನು ವಾರಕ್ಕೊಮ್ಮೆ ಬರುವುದು ನಿಂತುಹೋಗುತ್ತದೆ ಎಂಬುದಷ್ಟೇ ತಲೆಯಲ್ಲಿ ಬಂತು.

ಅವನು ಕಾಯುತ್ತಿದ್ದಾನೆ.

ಜೆರೂಷಾ

*

ಶೆಲ್ಬರ್ನ್
5 ಜೂನ್ 1787

ಅಕ್ಕ ಜೆರೂಷಾಗೆ,

ಒಪ್ಪಿಗೆ ಇದೆ ಎಂದು ಲೂಥರ್‌ಗೆ ಹೇಳು.

ನಿನ್ನ ಪತ್ರ ಇವತ್ತು ಬೆಳಿಗ್ಗೆ ಬಂತು. ಬಂದರಿನಲ್ಲೇ ನಿಂತು ಓದಿ, ಬಾರ್ನಬಿಯ ಹತ್ತಿರ ಕಾಗದ ಇಸಕೊಂಡು ಅಲ್ಲೇ ಒಂದು ಪೀಪಾಯಿಯ ಮೇಲೆ ಬರೆಯುತ್ತಿದ್ದೇನೆ. ಅವನು ಪಕ್ಕದಲ್ಲಿ ನಿಂತು, "ಈ ಸಲ ಮೊದಲು ಕೂಗಾಡೋದಿಲ್ವಾ?" ಎಂದು ಕೇಳುತ್ತಿದ್ದಾನೆ. ಇಲ್ಲಿ ಬೀದಿಗಳು ಖಾಲಿಯಾಗುತ್ತಿವೆ. ಬಂದವರೆಲ್ಲ ಹೊರಟಿದ್ದಾರೆ. ಅವರ ಮನೆಗಳ ಕಿಟಕಿ ಬಾಗಿಲು ಬಿಚ್ಚಿಕೊಡುವುದೇ ಈಗ ನನಗಿರುವ ಕೆಲಸ.

ಹುಡುಗಿ ಯಾರ ಮಗಳು ಎಂದು ನೀನು ಬರೆದಿಲ್ಲ. ನಾನು ಕೇಳುತ್ತಿಲ್ಲ.

ಈ ಕಾಗದ ಮಧ್ಯಾಹ್ನ ಬಾಸ್ಟನ್ನಿಗೆ ಹೊರಡುವ ಹಡಗಿನಲ್ಲಿ ಬರುತ್ತದೆ. ಇದೇ ಮಾತನ್ನು ಇನ್ನೊಂದು ಕಾಗದದಲ್ಲಿ ಬರೆದು ನಾಳೆ ಹ್ಯಾಲಿಫ್ಯಾಕ್ಸಿಗೆ ಹೋಗುವ ಹಡಗಿನವರಿಗೂ ಕೊಡುತ್ತೇನೆ. ಎರಡರಲ್ಲಿ ಯಾವುದು ಮೊದಲು ಕೈಗೆ ಸಿಕ್ಕರೂ ಇನ್ನೊಂದಕ್ಕೆ ಕಾಯಬೇಡ. ಕೆಲಸ ಬಿಟ್ಟು ಆಗಲೇ ಗುಡ್ಡ ಹತ್ತಿ ಹೋಗಿ ಅವನಿಗೆ ಹೇಳಿಬಿಡು.

ಮೆಡಾಡ್